ಮೂಲಕಾರಣ ವಿಶ್ಲೇಷಣೆ

ಕೆಲಸದ ಸ್ಥಳದಲ್ಲಿ ನಡೆದ ಅವಘಡ, ತಯಾರಾದ ಮಾಲಿನ ದೋಷ, ಯಂತ್ರದ ದಿಢೀರ್ ನಿಲುಗಡೆ, ಸೇವೆಯಲ್ಲಾದ ಲೋಪ ಇವುಗಳಿಗೆ ಎಡೆಮಾಡಿಕೊಟ್ಟ ಪರಿಸ್ಥಿತಿಗಳನ್ನು ಸಾಕ್ಷ್ಯಾಧಾರದಿಂದ ಹುಡುಕಿ, ಅದೇ ತೊಂದರೆ ಮರುಕಳಿಸದಂತೆ ಆ ಪರಿಸ್ಥಿತಿಗಳನ್ನೇ ಬದಲಿಸುವ ವಿಧಾನ. ಕೈಗಾರಿಕೆ, ಗಣಿ, ವಿಮಾನಯಾನ, ರೈಲ್ವೆ, ಆಸ್ಪತ್ರೆ, ಔಷಧ ತಯಾರಿಕೆ, ಸಾಫ್ಟ್‌ವೇರ್ ಕ್ಷೇತ್ರಗಳಲ್ಲಿ ಬಳಕೆಯಲ್ಲಿದೆ. ಕರ್ನಾಟಕದ ಕಾರ್ಖಾನೆಗಳಲ್ಲೂ ಐಟಿ ಕಚೇರಿಗಳಲ್ಲೂ ‘ಆರ್‌ಸಿಎ’ ಎಂಬ ಹ್ರಸ್ವರೂಪದಲ್ಲಿ ಹೆಚ್ಚು ಪರಿಚಿತ. ಕೆಟ್ಟುನಿಂತದ್ದನ್ನು ಮತ್ತೆ ನಡೆಯುವಂತೆ ಮಾಡುವುದು ದುರಸ್ತಿ. ಏಕೆ ಕೆಟ್ಟಿತೆಂದು ತಿಳಿದು ಮತ್ತೆ ಕೆಡದಂತೆ ಏರ್ಪಾಡು ಮಾಡುವುದು ಮೂಲಕಾರಣ ವಿಶ್ಲೇಷಣೆಯ ಗುರಿ. ತಪ್ಪಿತಸ್ಥನ ಹೆಸರು ಸಿಕ್ಕಿದ ಕೂಡಲೇ ಮುಗಿಯುವ ವಿಚಾರಣೆಗೆ ಈ ಹೆಸರು ಸಲ್ಲದು. ಅದೇ ಜಾಗದಲ್ಲಿ ನಾಳೆ ನಿಲ್ಲುವ ಇನ್ನೊಬ್ಬ ಕೆಲಸಗಾರನನ್ನು ಅದೇ ಅಪಾಯದಿಂದ ಉಳಿಸಿದಾಗ ಮಾತ್ರ ವಿಶ್ಲೇಷಣೆ ಪೂರ್ಣಗೊಳ್ಳುತ್ತದೆ.

ಸ್ವರೂಪ

ಒಂದು ಘಟನೆಯ ಹಿಂದಿನ ಕಾರಣಗಳನ್ನು ಸಾಮಾನ್ಯವಾಗಿ ಮೂರು ಸ್ತರಗಳಲ್ಲಿ ವಿಂಗಡಿಸುತ್ತಾರೆ: ಕಣ್ಣೆದುರಿನ ತಕ್ಷಣದ ಕಾರಣ, ಅದಕ್ಕೆ ಒತ್ತಾಸೆಯಾದ ಪೂರಕ ಕಾರಣಗಳು, ಇವೆರಡನ್ನೂ ಹುಟ್ಟಿಸಿದ ಮೂಲಕಾರಣಗಳು.

ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಹೊಲಿಗೆ ಯಂತ್ರದ ಸೂಜಿ ಕಾರ್ಮಿಕ ಮಹಿಳೆಯೊಬ್ಬರ ಬೆರಳಿಗೆ ಹೊಕ್ಕಿತು ಎಂದಿಟ್ಟುಕೊಳ್ಳೋಣ. ಸೂಜಿಯ ಮುಂದಿರಬೇಕಾದ ಗಾರ್ಡ್ ಆ ಯಂತ್ರದಲ್ಲಿ ಇರಲಿಲ್ಲ; ಇದು ತಕ್ಷಣದ ಕಾರಣ. ಗಾರ್ಡ್ ತೆಗೆದವರು ಅವರೇ ಎಂದು ಗೊತ್ತಾದರೆ ಎಷ್ಟೋ ವಿಚಾರಣೆಗಳು ಎಚ್ಚರಿಕೆ ಪತ್ರವೊಂದರೊಂದಿಗೆ ಅಲ್ಲಿಗೇ ಮುಗಿಯುತ್ತವೆ. ಏಕೆ ತೆಗೆದರು ಎಂದು ಕೇಳಿದರೆ ಬೇರೆಯೇ ಸಂಗತಿಗಳು ಹೊರಬರುತ್ತವೆ. ದಾರ ಪದೇ ಪದೇ ತುಂಡಾಗುತ್ತಿತ್ತು. ಪ್ರತಿ ಸಲ ದಾರ ಪೋಣಿಸುವಾಗ ಗಾರ್ಡ್ ಕೈಗೆ ಅಡ್ಡ ಬರುತ್ತಿತ್ತು. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ತಪ್ಪಿದರೆ ಬೈಗುಳ ಕೇಳಬೇಕಿತ್ತು. ದಾರ ತುಂಡಾಗುತ್ತಿದ್ದುದು ಹೊಸದಾಗಿ ತರಿಸಿದ ಅಗ್ಗದ ಮಾಲಿನಿಂದ. ಅದನ್ನು ಕೊಳ್ಳುವ ಮುನ್ನ ಹೊಲಿಗೆ ವಿಭಾಗದವರನ್ನು ಯಾರೂ ಕೇಳಿರಲಿಲ್ಲ. ಅದೇ ಲೈನಿನ ಇನ್ನೂ ಕೆಲವು ಯಂತ್ರಗಳಲ್ಲಿ ಗಾರ್ಡ್ ಇರಲಿಲ್ಲ. ಸೂಪರ್‌ವೈಸರ್ ಅದನ್ನು ನೋಡಿಯೂ ಸುಮ್ಮನಿದ್ದರು, ಏಕೆಂದರೆ ಟಾರ್ಗೆಟ್ಟಿನ ಒತ್ತಡ ಅವರ ಮೇಲೂ ಇತ್ತು. ಇಲ್ಲಿ ಮೂಲಕಾರಣ ಒಂದಲ್ಲ: ಖರೀದಿಯ ಕ್ರಮ, ಗಾರ್ಡಿನ ವಿನ್ಯಾಸ, ಟಾರ್ಗೆಟ್ ನಿಗದಿಯ ರೀತಿ ಮೂರೂ ಸೇರಿ ಆ ಬೆರಳನ್ನು ಸೂಜಿಯ ಕೆಳಗೆ ತಂದಿವೆ. ಎಚ್ಚರಿಕೆ ಪತ್ರ ಇವುಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ.

ಒಂದು ಸಂಗತಿಯನ್ನು ಮೂಲಕಾರಣವೆಂದು ಒಪ್ಪಲು ಮೂರು ಪರೀಕ್ಷೆಗಳಿವೆ. ಅದಕ್ಕೂ ಘಟನೆಗೂ ಇರುವ ಸಂಬಂಧಕ್ಕೆ ಸಾಕ್ಷ್ಯ ಇರಬೇಕು. ಅದನ್ನು ತೆಗೆದರೆ ಘಟನೆ ಮರುಕಳಿಸುವ ಸಂಭವ ತಗ್ಗಬೇಕು. ಅದನ್ನು ಬದಲಿಸುವುದು ಸಂಸ್ಥೆಯ ಕೈಯಳತೆಯಲ್ಲಿರಬೇಕು. ‘ಅಜಾಗರೂಕತೆ’, ‘ಗಮನ ಕೊಡದಿರುವಿಕೆ’ ಎಂಬ ತೀರ್ಮಾನಗಳು ಮೂರನೆಯ ಪರೀಕ್ಷೆಯಲ್ಲಿ ಸೋಲುತ್ತವೆ: ಮನುಷ್ಯ ಎಂದೂ ಮೈಮರೆಯದಂತೆ ಮಾಡುವ ಶಕ್ತಿ ಯಾವ ಆಡಳಿತ ಮಂಡಳಿಗೂ ಇಲ್ಲ.

ಇತಿಹಾಸ

ಉತ್ಪಾದನೆಯ ಏರುಪೇರುಗಳನ್ನು ಅಂಕಿಅಂಶಗಳ ಮೂಲಕ ಅರಿಯುವ ದಾರಿಯನ್ನು ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ನಿಯಂತ್ರಣ ನಕ್ಷೆ ತೆರೆಯಿತು. ಪ್ರಕ್ರಿಯೆಯಲ್ಲೇ ಅಂತರ್ಗತವಾದ ಏರುಪೇರು ಬೇರೆ, ಹೊರಗಿನಿಂದ ಬಂದ ವಿಶೇಷ ಕಾರಣದ ಏರುಪೇರು ಬೇರೆ ಎಂಬುದು ಅವರ ಮುಖ್ಯ ಕಾಣ್ಕೆ. ಅವರ ವಿಚಾರಗಳನ್ನು ಬೆಳೆಸಿದ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೂ ಉದ್ಯಮಿಗಳಿಗೂ ಉಪನ್ಯಾಸ ನೀಡಿದರು. ತೊಂದರೆಗಳಲ್ಲಿ ಶೇ. 94ರಷ್ಟು ವ್ಯವಸ್ಥೆಗೆ ಸೇರಿದವು ಎಂದು ಡೆಮಿಂಗ್ ಮುಂದೆ ತಮ್ಮ ಅನುಭವದಿಂದ ಅಂದಾಜಿಸಿದರು. ವ್ಯವಸ್ಥೆಯನ್ನು ಬದಲಿಸುವ ಅಧಿಕಾರ ಆಡಳಿತದ ಕೈಯಲ್ಲಿರುವುದರಿಂದ ಹೊಣೆಯೂ ಅದರದೇ ಎಂಬುದು ಅವರ ನಿಲುವು.

ಜಪಾನಿನಲ್ಲಿ ಇದಕ್ಕೆ ಬೇರೆಯೇ ಬೇರುಗಳೂ ಇದ್ದವು. ಸಕಿಚಿ ಟೊಯೊಡಾ (1867–1930) ರೂಪಿಸಿದ ಸ್ವಯಂಚಾಲಿತ ಮಗ್ಗ ನೂಲು ತುಂಡಾದ ಕೂಡಲೇ ತಾನಾಗಿ ನಿಲ್ಲುತ್ತಿತ್ತು. ದೋಷವುಳ್ಳ ಬಟ್ಟೆ ಮುಂದೆ ಸಾಗುತ್ತಿರಲಿಲ್ಲ. ತೊಂದರೆ ಕಂಡಾಗ ಕೆಲಸ ನಿಲ್ಲಿಸಿ ಕಾರಣ ಹುಡುಕುವ ಈ ಪದ್ಧತಿ ಟೊಯೊಟಾ ಮೋಟಾರು ಕಾರ್ಖಾನೆಗೂ ಬಂತು. ಅಲ್ಲಿನ ತಾಯಿಚಿ ಓನೊ 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಐದು ಸಲ ‘ಏಕೆ’ ಎಂದು ಕೇಳುವ ಕ್ರಮವನ್ನು ವಿವರಿಸಿದರು. ಅವರ ಉದಾಹರಣೆಯಲ್ಲಿ ಯಂತ್ರ ನಿಂತದ್ದು ಫ್ಯೂಸ್ ಹೋದುದರಿಂದ. ಫ್ಯೂಸ್ ಹೋದದ್ದು ಬೇರಿಂಗಿಗೆ ಎಣ್ಣೆ ಸಾಲದೆ ಹೊರೆ ಹೆಚ್ಚಿದುದರಿಂದ. ಎಣ್ಣೆ ಸಾಲದ್ದು ಪಂಪ್ ಸರಿಯಾಗಿ ಎತ್ತದಿದ್ದುದರಿಂದ. ಪಂಪ್ ಎತ್ತದ್ದು ಅದರ ದಂಡ ಸವೆದುದರಿಂದ. ದಂಡ ಸವೆದದ್ದು ಜಾಲರಿ ಇಲ್ಲದೆ ಲೋಹದ ಚೂರು ಒಳಹೊಕ್ಕುದರಿಂದ. ಫ್ಯೂಸನ್ನಷ್ಟೇ ಬದಲಿಸಿದ್ದರೆ ಯಂತ್ರ ಕೆಲವೇ ತಿಂಗಳಲ್ಲಿ ಮತ್ತೆ ನಿಲ್ಲುತ್ತಿತ್ತು. ಕಾವೊರು ಇಷಿಕಾವಾ (1915–1989) 1940ರ ದಶಕದಲ್ಲಿ ಮೀನಿನ ಮೂಳೆಯಾಕಾರದ ಕಾರಣ–ಪರಿಣಾಮ ನಕ್ಷೆಯನ್ನು ರೂಪಿಸಿದರು. ಕೆಲಸಗಾರರೇ ಕೂಡಿ ತಮ್ಮ ಕೆಲಸದ ತೊಡಕುಗಳನ್ನು ಬಿಡಿಸುವ ‘ಕ್ವಾಲಿಟಿ ಸರ್ಕಲ್’ ಚಳವಳಿ 1962ರಲ್ಲಿ ಅವರ ಮುಂದಾಳತ್ವದಲ್ಲಿ ಆರಂಭವಾಯಿತು.

ಸುರಕ್ಷತಾ ತಂತ್ರಜ್ಞಾನದ ಕವಲು ಸೈನಿಕ ಅಗತ್ಯಗಳಿಂದ ಬೆಳೆಯಿತು. ಯಾವ ಭಾಗ ಹೇಗೆ ಕೆಡಬಹುದು, ಕೆಟ್ಟರೆ ಏನಾಗುತ್ತದೆ ಎಂದು ಮುಂಚಿತವಾಗಿಯೇ ಪಟ್ಟಿ ಮಾಡುವ ವಿಧಾನವನ್ನು ಅಮೆರಿಕದ ಸೇನೆ 1949ರಲ್ಲಿ ವಿಧಿಬದ್ಧಗೊಳಿಸಿತು. ಮಿನಿಟ್‌ಮ್ಯಾನ್ ಕ್ಷಿಪಣಿಯ ಉಡಾವಣಾ ವ್ಯವಸ್ಥೆಗಾಗಿ ಬೆಲ್ ಪ್ರಯೋಗಾಲಯದಲ್ಲಿ 1962ರಲ್ಲಿ ದೋಷವೃಕ್ಷ ವಿಧಾನ ಸಿದ್ಧವಾಯಿತು. ಬ್ರಿಟನ್ನಿನ ಮನೋವಿಜ್ಞಾನಿ ಜೇಮ್ಸ್ ರೀಸನ್ 1990ರ ಹೊತ್ತಿಗೆ ಅವಘಡದ ಅರಿವನ್ನೇ ಬದಲಿಸಿದರು. ಯಂತ್ರದ ಮುಂದಿರುವವನ ತಪ್ಪು ತೋರಿಕೆಗೆ ಬರುವ ಕೊನೆಯ ಕೊಂಡಿ ಮಾತ್ರ. ವಿನ್ಯಾಸ, ಖರೀದಿ, ತರಬೇತಿ, ಪಾಳಿಯ ಹಂಚಿಕೆಗಳಲ್ಲಿ ವರ್ಷಗಟ್ಟಲೆ ಅಡಗಿರುವ ಸುಪ್ತ ಲೋಪಗಳು ಒಂದೇ ಗಳಿಗೆಯಲ್ಲಿ ಒಂದರ ಹಿಂದೊಂದು ಸಾಲಾದಾಗ ದುರಂತ ನಡೆಯುತ್ತದೆ ಎಂದು ಅವರು ತೋರಿಸಿದರು.

ಮುಖ್ಯ ಸಾಧನಗಳು

ಐದು ಏಕೆ: ಅತಿ ಸರಳ ಸಾಧನ. ಉಪಕರಣ ಬೇಡ, ವಿಶೇಷ ತರಬೇತಿಯೂ ಬೇಡ. ಐದು ಎಂಬ ಸಂಖ್ಯೆಗೆ ಕಟ್ಟುಪಾಡಿಲ್ಲ. ಒಂದೇ ಸರಪಳಿಯನ್ನು ಹಿಡಿದು ಹೊರಟರೆ ಉಳಿದ ಕವಲುಗಳು ತಪ್ಪಿಹೋಗುವ ಅಪಾಯವಿದೆ. ಆದ್ದರಿಂದ ಪ್ರತಿ ಹಂತದಲ್ಲೂ ‘ಇನ್ನೇನು ಕಾರಣ?’ ಎಂದು ಕೇಳಬೇಕಾಗುತ್ತದೆ.

ಇಷಿಕಾವಾ ನಕ್ಷೆ: ಜನ, ಯಂತ್ರ, ಸಾಮಗ್ರಿ, ವಿಧಾನ, ಅಳತೆ, ಪರಿಸರ ಎಂಬ ಶೀರ್ಷಿಕೆಗಳಡಿ ಸಂಭಾವ್ಯ ಕಾರಣಗಳನ್ನು ಬರೆಯುವ ಕ್ರಮ. ಇದು ಊಹೆಗಳ ಪಟ್ಟಿ. ಒಂದೊಂದನ್ನೂ ಸ್ಥಳದಲ್ಲಿ ಪರೀಕ್ಷಿಸಿದ ಮೇಲಷ್ಟೇ ಅದು ತೀರ್ಮಾನವಾಗುತ್ತದೆ.

ಪರೇಟೊ ನಕ್ಷೆ: ಹೆಚ್ಚಿನ ತೊಂದರೆಗಳು ಕೆಲವೇ ಕಾರಣಗಳಿಂದ ಬರುತ್ತವೆ ಎಂಬ ತತ್ತ್ವ ಇದರ ಆಧಾರ. ಇಟಲಿಯ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪರೇಟೊ ಹೆಸರಿನ ಈ ತತ್ತ್ವವನ್ನು ಗುಣಮಟ್ಟದ ಕೆಲಸಕ್ಕೆ ಅನ್ವಯಿಸಿದವರು ಜೋಸೆಫ್ ಜುರಾನ್ (1904–2008). ಮೊದಲು ಯಾವುದಕ್ಕೆ ಕೈಹಾಕಬೇಕೆಂದು ತೀರ್ಮಾನಿಸಲು ಇದು ನೆರವಾಗುತ್ತದೆ.

ದೋಷವೃಕ್ಷ: ದುರಂತವನ್ನು ತುದಿಯಲ್ಲಿಟ್ಟು, ಅದು ನಡೆಯಲು ಯಾವ ಯಾವ ವೈಫಲ್ಯಗಳು ಒಟ್ಟಿಗೆ ಸಂಭವಿಸಬೇಕು, ಯಾವುದು ಒಂದೇ ಸಾಕು ಎಂದು ತರ್ಕದ ಕವಲುಗಳಲ್ಲಿ ಕೆಳಗಿಳಿಯುವ ವಿಧಾನ. ಪರಮಾಣು ಸ್ಥಾವರ, ರಾಸಾಯನಿಕ ಕಾರ್ಖಾನೆ, ವಿಮಾನಯಾನದಂಥ ಜಟಿಲ ವ್ಯವಸ್ಥೆಗಳಲ್ಲಿ ಉಪಯುಕ್ತ.

ತಡೆಗೋಡೆ ಮತ್ತು ಬದಲಾವಣೆಯ ವಿಶ್ಲೇಷಣೆ: ಅಪಾಯ ಮತ್ತು ಮನುಷ್ಯನ ನಡುವೆ ಯಾವ ರಕ್ಷಣೆಗಳು ಇರಬೇಕಿತ್ತು, ಯಾವುವು ಕೈಕೊಟ್ಟವು ಎಂದು ಮೊದಲನೆಯದು ಕೇಳುತ್ತದೆ. ನಿನ್ನೆಯವರೆಗೆ ಸರಿಯಿದ್ದದ್ದು ಇಂದು ಕೆಟ್ಟಿದ್ದರೆ ನಡುವೆ ಏನು ಬದಲಾಯಿತು ಎಂಬುದು ಎರಡನೆಯದರ ಪ್ರಶ್ನೆ.

ನಡೆಸುವ ಕ್ರಮ

ಮೊದಲು ಗಾಯಾಳುಗಳ ಆರೈಕೆ, ಅಪಾಯದ ತಡೆ. ಕೂಡಲೇ ಸಾಕ್ಷ್ಯಗಳ ರಕ್ಷಣೆ. ಮುರಿದ ಭಾಗ, ಲಾಗ್‌ಬುಕ್, ಸಿಸಿಟಿವಿ ದೃಶ್ಯ, ಕಂಪ್ಯೂಟರಿನ ದಾಖಲೆ ಇವು ಬೇಗ ಕಳೆದುಹೋಗುತ್ತವೆ. ಆ ಕೆಲಸವನ್ನು ದಿನವೂ ಮಾಡುವವರು ತನಿಖಾ ತಂಡದಲ್ಲಿ ಇರಲೇಬೇಕು. ಕಾಗದದ ಮೇಲಿನ ವಿಧಾನಕ್ಕೂ ನಿಜವಾಗಿ ನಡೆಯುವ ಕೆಲಸಕ್ಕೂ ಇರುವ ಅಂತರ ಗೊತ್ತಿರುವುದು ಅವರಿಗೇ. ಏನು, ಎಲ್ಲಿ, ಯಾವಾಗ, ಎಷ್ಟರಮಟ್ಟಿಗೆ ಎಂದು ಸಮಸ್ಯೆಯನ್ನು ಖಚಿತವಾಗಿ ಬರೆದು, ಘಟನೆಯ ಕಾಲಾನುಕ್ರಮವನ್ನು ಕಟ್ಟುತ್ತಾರೆ. ಕಾರಣಗಳ ಊಹೆ, ಪರೀಕ್ಷೆ, ಪರಿಹಾರದ ಆಯ್ಕೆ ಆಮೇಲಿನ ಹಂತಗಳು. ಪ್ರತಿ ಪರಿಹಾರಕ್ಕೂ ಒಬ್ಬ ಹೊಣೆಗಾರ, ಗಡುವು, ಹಣ ಮೂರನ್ನೂ ಗೊತ್ತುಪಡಿಸಬೇಕು. ಕೆಲವು ತಿಂಗಳ ನಂತರ ಪರಿಹಾರ ಫಲ ಕೊಟ್ಟಿದೆಯೇ ಎಂದು ಅಳೆಯಬೇಕು. ಅಂಥದೇ ಯಂತ್ರ, ಅಂಥದೇ ಕೆಲಸ ಇರುವ ಬೇರೆ ಘಟಕಗಳಿಗೂ ಪಾಠವನ್ನು ಮುಟ್ಟಿಸಬೇಕು. ಹೆಚ್ಚಿನ ವಿಶ್ಲೇಷಣೆಗಳು ಸೋಲುವುದು ಈ ಕೊನೆಯ ಎರಡು ಹಂತಗಳಲ್ಲಿ.

ಪರಿಹಾರಗಳ ಬಲಾಬಲ

ಅಮೆರಿಕದ ನಿವೃತ್ತ ಸೈನಿಕರ ಆರೋಗ್ಯ ಇಲಾಖೆ ಬಳಕೆಗೆ ತಂದ ವರ್ಗೀಕರಣದಲ್ಲಿ ಪರಿಹಾರಗಳು ಮೂರು ಬಗೆ. ಯಂತ್ರ ಅಥವಾ ಕಟ್ಟಡದ ವಿನ್ಯಾಸ ಬದಲಿಸುವುದು, ತಪ್ಪು ಮಾಡಲು ಸಾಧ್ಯವೇ ಆಗದಂತೆ ಜೋಡಣೆ ರೂಪಿಸುವುದು, ಕೆಲಸವನ್ನು ಸರಳಗೊಳಿಸುವುದು ಬಲವಾದ ಪರಿಹಾರಗಳು. ಸಿಬ್ಬಂದಿ ಹೆಚ್ಚಳ, ತಾಳೆಪಟ್ಟಿ, ತಂತ್ರಾಂಶದ ಸುಧಾರಣೆ ಮಧ್ಯಮ ಬಲದವು. ಮರುತರಬೇತಿ, ಎಚ್ಚರಿಕೆ ಫಲಕ, ಹೊಸ ಸುತ್ತೋಲೆ ದುರ್ಬಲ ಪರಿಹಾರಗಳು. ಅಗ್ಗವೂ ಸುಲಭವೂ ಆದ್ದರಿಂದ ದುರ್ಬಲವಾದವುಗಳೇ ವರದಿಗಳಲ್ಲಿ ತುಂಬಿರುತ್ತವೆ. ಅದೇ ಅವಘಡ ಮತ್ತೆ ನಡೆಯಲು ಇದೂ ಒಂದು ಮುಖ್ಯ ಕಾರಣ.

ಕ್ಯಾನ್ಸರ್ ಚಿಕಿತ್ಸೆಯ ವಿನ್‌ಕ್ರಿಸ್ಟಿನ್ ಔಷಧದ ಚರಿತ್ರೆ ಇದಕ್ಕೆ ಸ್ಪಷ್ಟ ನಿದರ್ಶನ. ರಕ್ತನಾಳಕ್ಕೆ ಕೊಡಬೇಕಾದ ಈ ಔಷಧವನ್ನು ಬೆನ್ನುಹುರಿಯ ದ್ರವಕ್ಕೆ ಚುಚ್ಚಿದರೆ ರೋಗಿ ಬದುಕುವುದು ಅಪರೂಪ. ಎಚ್ಚರಿಕೆ ಚೀಟಿ ಅಂಟಿಸಿದರೂ ಈ ತಪ್ಪು ಹಲವು ದೇಶಗಳಲ್ಲಿ ಮತ್ತೆ ಮತ್ತೆ ನಡೆಯಿತು. ಬೆನ್ನಿಗೆ ಕೊಡುವ ಬೇರೆ ಔಷಧವೂ ಅಂಥದೇ ಸಿರಿಂಜಿನಲ್ಲಿ, ಅದೇ ರೋಗಿಗೆ ಬರುತ್ತಿದ್ದುದೇ ಗೊಂದಲದ ಮೂಲ. ವಿನ್‌ಕ್ರಿಸ್ಟಿನ್ ಔಷಧವನ್ನು ಸಿರಿಂಜಿನ ಬದಲು ಡ್ರಿಪ್‌ಗೆ ಹಾಕುವ ಸಣ್ಣ ಚೀಲದಲ್ಲಿ ತಯಾರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಸೂಚಿಸಿತು. ಅಷ್ಟು ದ್ರವವಿರುವ ಚೀಲವನ್ನು ಬೆನ್ನಿಗೆ ಕೊಡಲು ಯಾರ ಕೈಯೂ ಹೋಗದು. ದಣಿದ ವೈದ್ಯರ ನೆನಪನ್ನು ನೆಚ್ಚುವ ಬದಲು ಔಷಧದ ರೂಪವೇ ರೋಗಿಯನ್ನು ಕಾಯುತ್ತದೆ.

ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 1988ರ ಜುಲೈ 6ರಂದು 167 ಮಂದಿ ಸತ್ತರು. ಪಂಪೊಂದರ ಸುರಕ್ಷಾ ಕವಾಟವನ್ನು ದುರಸ್ತಿಗೆ ತೆಗೆದಿದ್ದ ಸಂಗತಿ ಪಾಳಿ ಬದಲಾಗುವಾಗ ಮುಂದಿನವರಿಗೆ ಮುಟ್ಟಿರಲಿಲ್ಲ. ಅವರು ಆ ಪಂಪನ್ನು ಚಾಲೂ ಮಾಡಿದರು. ಲಾರ್ಡ್ ಕಲೆನ್ ವಿಚಾರಣೆ 1990ರಲ್ಲಿ ಮಾಡಿದ 106 ಶಿಫಾರಸುಗಳೆಲ್ಲವನ್ನೂ ಅಂಗೀಕರಿಸಲಾಯಿತು. ಸುರಕ್ಷತೆಯ ಉಸ್ತುವಾರಿಯನ್ನು ತೈಲೋತ್ಪಾದನೆ ನೋಡಿಕೊಳ್ಳುತ್ತಿದ್ದ ಇಂಧನ ಇಲಾಖೆಯಿಂದ ತೆಗೆದು ಸ್ವತಂತ್ರ ಸಂಸ್ಥೆಗೆ ಒಪ್ಪಿಸಲಾಯಿತು. ಒಂದು ವಿಚಾರಣೆ ಇಡೀ ಉದ್ಯಮದ ನಡವಳಿಕೆಯನ್ನೇ ಬದಲಿಸಿದ ಅಪರೂಪದ ನಿದರ್ಶನ ಇದು.

ಮರುಕಳಿಸಿದ ದುರಂತಗಳು

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಮರಿಗೆ ಉರುಳಿ 158 ಮಂದಿ ಸತ್ತರು. 8 ಮಂದಿ ಬದುಕುಳಿದರು. ಇಳಿಯುವಿಕೆಯನ್ನು ಕೈಬಿಟ್ಟು ಮೇಲೇರಬೇಕೆಂದು ಸಹ ಪೈಲಟ್ ಮೂರು ಬಾರಿ ಹೇಳಿದರೂ, ಯಂತ್ರದ ಎಚ್ಚರಿಕೆಗಳು ಮೊಳಗಿದರೂ ಕ್ಯಾಪ್ಟನ್ ಇಳಿಯುವುದನ್ನು ಮುಂದುವರಿಸಿದ್ದೇ ನೇರ ಕಾರಣವೆಂದು ವಿಚಾರಣಾ ನ್ಯಾಯಾಲಯ ಹೇಳಿತು. ಅದು ಅಲ್ಲಿಗೇ ನಿಲ್ಲಲಿಲ್ಲ. ಹಾರಾಟದ ಬಹುಪಾಲು ಕ್ಯಾಪ್ಟನ್ ನಿದ್ರೆಯಲ್ಲಿದ್ದು ಇಳಿಯುವ ಸ್ವಲ್ಪ ಮುಂಚೆ ಎದ್ದಿದ್ದರು. ನಿಲ್ದಾಣದ ರಾಡಾರ್ ಕೆಟ್ಟಿದ್ದರಿಂದ ಕೆಳಗಿಳಿಯಲು ಅನುಮತಿ ತಡವಾಗಿ ಸಿಕ್ಕಿತ್ತು. ಸಹ ಪೈಲಟ್ ತಾನೇ ನಿಯಂತ್ರಣ ವಹಿಸಿಕೊಳ್ಳಬಹುದೇ ಎಂಬ ಬಗ್ಗೆ ನಿಯಮಗಳಲ್ಲಿ ಸ್ಪಷ್ಟತೆ ಇರಲಿಲ್ಲ. ಅವರು ಮಾತಿನಲ್ಲಿ ಎಚ್ಚರಿಸಿದರೂ ಕೈಹಾಕದಿರಲು ಬಹುಶಃ ಅದೇ ಕಾರಣವೆಂದು ವರದಿ ಗುರುತಿಸಿತು.

ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರಂದು, ಅದೇ ಸಂಸ್ಥೆಯ ವಿಮಾನ ಕೋಯಿಕ್ಕೋಡಿನ ಗುಡ್ಡದ ರನ್‌ವೇಯನ್ನು ಮಳೆಯಲ್ಲಿ ದಾಟಿ ಕೆಳಗೆ ಬಿದ್ದು 21 ಮಂದಿ ಸತ್ತರು. ಅಲ್ಲಿಯೂ ಸಹ ಪೈಲಟ್ ಮೇಲೇರಲು ಹೇಳಿದ್ದರು. ಅಲ್ಲಿಯೂ ನಿಯಂತ್ರಣ ಕೈ ಬದಲಾಗಲಿಲ್ಲ. ವೈಮಾನಿಕ ಅಪಘಾತ ತನಿಖಾ ಸಂಸ್ಥೆಯ 2021ರ ವರದಿ ಪೈಲಟ್‌ಗಳ ಲೋಪವನ್ನು ಸಂಭವನೀಯ ಕಾರಣವಾಗಿ ಹೇಳಿದ್ದಲ್ಲದೆ, ವ್ಯವಸ್ಥೆಯ ವೈಫಲ್ಯಗಳನ್ನು ಕಡೆಗಣಿಸಲಾಗದೆಂದೂ ಇಂಥ ಘಟನೆಗಳು ಮರುಕಳಿಸುತ್ತಲೇ ಇವೆಯೆಂದೂ ದಾಖಲಿಸಿತು. ಮಂಗಳೂರಿನಲ್ಲಿ ಕಾಗದಕ್ಕೆ ಇಳಿದ ಪಾಠ ಕೋಯಿಕ್ಕೋಡಿನ ಕಾಕ್‌ಪಿಟ್ಟಿನ ನಡವಳಿಕೆಯಾಗಿ ಮಾರ್ಪಟ್ಟಿರಲಿಲ್ಲ.

ಒಡಿಶಾದ ಬಹಾನಗಾ ಬಜಾರ್ ನಿಲ್ದಾಣದಲ್ಲಿ 2023ರ ಜೂನ್ 2ರಂದು ಕೋರಮಂಡಲ್ ಎಕ್ಸ್‌ಪ್ರೆಸ್ ತಪ್ಪು ಹಳಿಗೆ ಹೊರಳಿ ನಿಂತಿದ್ದ ಸರಕು ರೈಲಿಗೆ ಗುದ್ದಿತು; ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ರೈಲೂ ಇದರಲ್ಲಿ ಸಿಲುಕಿತು. 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ಮಂಡಲದಲ್ಲಿ ಹಿಂದೆ ಮಾಡಿದ ಮಾರ್ಪಾಡಿನ ಲೋಪಗಳು ಮತ್ತು ತಂತಿಗಳ ಮೇಲಿನ ತಪ್ಪು ಗುರುತುಗಳು ಕಾರಣವೆಂದು ರೈಲ್ವೆ ಸುರಕ್ಷತಾ ಆಯುಕ್ತರು ಕಂಡುಕೊಂಡರು. ತಪ್ಪು ತಂತಿ ಜೋಡಣೆಯಿಂದ 2022ರ ಮೇ 16ರಂದು ಬಂಕ್ರಾ ನಯಾಬಾಜ್ ನಿಲ್ದಾಣದಲ್ಲಿ ಇಂಥದೇ ಘಟನೆ ನಡೆದಿತ್ತು. ಆಗಲೇ ಸರಿಪಡಿಸಿದ್ದರೆ ಈ ಅಪಘಾತ ಆಗುತ್ತಿರಲಿಲ್ಲವೆಂದು ವರದಿ ಹೇಳಿತು. ಕರ್ನಾಟಕದ ಬೀರೂರು–ಚಿಕ್ಕಜಾಜೂರು ಮಾರ್ಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ 2023ರ ಫೆಬ್ರವರಿ 8ರಂದು ಸಂಪರ್ಕಕ್ರಾಂತಿ ಎಕ್ಸ್‌ಪ್ರೆಸ್ ಸಿಗ್ನಲ್ ದೋಷದಿಂದ ತಪ್ಪು ಹಳಿಗೆ ಹೋಗಲಿದ್ದಾಗ ಲೋಕೋ ಪೈಲಟ್ ಎಚ್ಚರದಿಂದ ಅನಾಹುತ ತಪ್ಪಿತು. ವ್ಯವಸ್ಥೆಯಲ್ಲಿ ಗಂಭೀರ ದೋಷಗಳಿವೆ ಎಂದು ನೈರುತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಮರುದಿನವೇ ಪತ್ರ ಬರೆದಿದ್ದರು. ದೊಡ್ಡ ದುರಂತಕ್ಕೆ ಮುನ್ನ ಸಣ್ಣ ಸೂಚನೆಗಳು ಬರುತ್ತವೆ. ಯಾರೂ ಗಾಯಗೊಳ್ಳದ ಘಟನೆಯನ್ನೂ ಅಷ್ಟೇ ಶ್ರದ್ಧೆಯಿಂದ ವಿಶ್ಲೇಷಿಸಬೇಕು ಎಂಬುದು ಇದರ ಪಾಠ.

ಬಾಹ್ಯಾಕಾಶ ನೌಕೆಗಳಾದ ಚಾಲೆಂಜರ್ (1986) ಮತ್ತು ಕೊಲಂಬಿಯಾ (2003) ದುರಂತಗಳದೂ ಇದೇ ಕಥೆ. ಎರಡರಲ್ಲೂ ಏಳು ಏಳು ಮಂದಿ ಸತ್ತರು. ಎರಡನೆಯದರಲ್ಲಿ ಕಲ್ಪನಾ ಚಾವ್ಲಾ ಇದ್ದರು. ಮೊದಲನೆಯದರಲ್ಲಿ ರಬ್ಬರ್ ಉಂಗುರ, ಎರಡನೆಯದರಲ್ಲಿ ಕಳಚಿಬಿದ್ದ ಫೋಮ್ ತುಂಡು: ಭೌತಿಕ ಕಾರಣಗಳು ಬೇರೆ ಬೇರೆ. ಎರಡೂ ದೋಷಗಳು ಹಿಂದಿನ ಯಾನಗಳಲ್ಲಿ ಕಂಡಿದ್ದವು. ಏನೂ ಆಗಲಿಲ್ಲವೆಂಬ ಕಾರಣಕ್ಕೇ ಮಾಮೂಲೆನಿಸಿದ್ದವು. ಕೊಲಂಬಿಯಾ ತನಿಖಾ ಮಂಡಳಿ ಫೋಮ್‌ನಷ್ಟೇ ಬಾಹ್ಯಾಕಾಶ ಸಂಸ್ಥೆಯ ಸಂಸ್ಕೃತಿಯನ್ನೂ ಕಾರಣವಾಗಿ ಎತ್ತಿ ಹೇಳಿತು.

ದೋಷಾರೋಪ ಮತ್ತು ನ್ಯಾಯ

ವಿಚಾರಣೆ ಅಮಾನತಿನಲ್ಲಿ ಮುಗಿಯುವುದೆಂದು ಗೊತ್ತಿದ್ದರೆ ಯಾರೂ ಸತ್ಯ ಹೇಳುವುದಿಲ್ಲ. ಆದ್ದರಿಂದಲೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೆಯ ಅನುಬಂಧ, ತನಿಖೆಯ ಏಕೈಕ ಉದ್ದೇಶ ಅಪಘಾತಗಳ ತಡೆ, ತಪ್ಪು ಹೊರಿಸುವುದಲ್ಲ ಎಂದು ವಿಧಿಸುತ್ತದೆ. ಬೇಕೆಂದೇ ಮಾಡಿದ ವಿಧ್ವಂಸ, ಕುಡಿದು ಮಾಡಿದ ಕೆಲಸ ಇವು ಶಿಕ್ಷೆಗೆ ಅರ್ಹ. ಯಾರಿಂದಾದರೂ ಆಗಬಹುದಾದ ಪ್ರಾಮಾಣಿಕ ತಪ್ಪಿಗೆ ಶಿಕ್ಷೆ ಸಲ್ಲದು ಎಂಬುದು ‘ನ್ಯಾಯಯುತ ಸಂಸ್ಕೃತಿ’ಯ ತಿರುಳು. ಸಾಫ್ಟ್‌ವೇರ್ ಉದ್ಯಮದಲ್ಲಿ ವ್ಯಕ್ತಿಯನ್ನು ದೂರದೆ ಘಟನೆಯನ್ನು ಪರಿಶೀಲಿಸುವ ಸಭೆಗಳು 2010ರ ದಶಕದಲ್ಲಿ ರೂಢಿಗೆ ಬಂದವು. ದಿನಗೂಲಿ, ಗುತ್ತಿಗೆ ಕಾರ್ಮಿಕರ ಪಾಲಿಗೆ ಈ ರಕ್ಷಣೆ ಅತ್ಯಗತ್ಯ. ತಪ್ಪನ್ನು ಒಪ್ಪಿಕೊಂಡರೆ ಮರುದಿನದ ಕೆಲಸವೇ ಹೋಗುವ ಭಯ ಇರುವುದು ಅವರಿಗೆ.

ಟೀಕೆ ಮತ್ತು ಮಿತಿಗಳು

ಜಟಿಲ ವ್ಯವಸ್ಥೆಯ ವೈಫಲ್ಯಕ್ಕೆ ಒಂದೇ ಬೇರು ಇರುತ್ತದೆಂಬ ನಂಬಿಕೆಯನ್ನು ಹಲವರು ಪ್ರಶ್ನಿಸಿದ್ದಾರೆ. ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಪೆರೊ 1984ರಲ್ಲಿ, ಬಿಗಿಯಾಗಿ ಹೆಣೆದ ಜಟಿಲ ತಂತ್ರಜ್ಞಾನಗಳಲ್ಲಿ ಕೆಲವು ಅಪಘಾತಗಳು ಅನಿವಾರ್ಯವೆಂದು ವಾದಿಸಿದರು. ಎಂಜಿನಿಯರ್ ನ್ಯಾನ್ಸಿ ಲೆವೆಸನ್ ಕಾರಣಗಳ ಸರಪಳಿಗೆ ಬದಲಾಗಿ, ಸರ್ಕಾರದ ನಿಯಂತ್ರಣದಿಂದ ಯಂತ್ರದವರೆಗಿನ ಹತೋಟಿಯ ಎಲ್ಲ ಮಟ್ಟಗಳನ್ನೂ ನೋಡುವ ಮಾದರಿಯನ್ನು ಮುಂದಿಟ್ಟರು. ‘ಏಕೆ’ ಎಂಬ ಪ್ರಶ್ನೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಅನೇಕ ವೇಳೆ ಅಧಿಕಾರವೇ ತೀರ್ಮಾನಿಸುತ್ತದೆ. ಪ್ರಶ್ನೆ ಮೇಲಧಿಕಾರಿಯ ಕೋಣೆಯ ಬಾಗಿಲಿಗೆ ಬಂದಾಗ ನಿಂತುಬಿಡುವುದುಂಟು. ಫಲಿತಾಂಶ ಗೊತ್ತಾದ ಮೇಲೆ ಎಲ್ಲವೂ ಮುಂಚೆಯೇ ಊಹಿಸಬಹುದಿತ್ತು ಎನಿಸುವುದು ತನಿಖೆಗಾರರನ್ನು ಕಾಡುವ ಇನ್ನೊಂದು ಭ್ರಮೆ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ 2022ರಲ್ಲಿ ಹೊಸ ಚೌಕಟ್ಟನ್ನು ಪ್ರಕಟಿಸಿ, ಮೂಲಕಾರಣ ವಿಶ್ಲೇಷಣೆಯ ಬದಲು ಇಡೀ ವ್ಯವಸ್ಥೆಯನ್ನು ನೋಡುವ ಕ್ರಮದ ಕಡೆಗೆ ಹೊರಳಿತು.

ಭಾರತದಲ್ಲಿ

ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ 1984ರ ಡಿಸೆಂಬರ್ 2–3ರ ರಾತ್ರಿ ವಿಷಾನಿಲ ಸೋರಿದಾಗ ಟ್ಯಾಂಕಿನ ಶೀತಲೀಕರಣವನ್ನು ಮೊದಲೇ ನಿಲ್ಲಿಸಲಾಗಿತ್ತು. ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆ ಸಂಪರ್ಕ ಕಡಿದಿತ್ತು. ಒಂದರ ಹಿಂದೊಂದು ರಕ್ಷಣೆಯನ್ನು ಹೀಗೆ ಕಳಚಿಟ್ಟಿದ್ದೇ ಸೋರಿಕೆಯನ್ನು ಮಹಾದುರಂತವಾಗಿಸಿತು. ಇದರ ಪರಿಣಾಮವಾಗಿ 1948ರ ಕಾರ್ಖಾನೆ ಕಾಯಿದೆಗೆ 1987ರಲ್ಲಿ ತಿದ್ದುಪಡಿಯಾಗಿ, ಅಪಾಯಕಾರಿ ಉದ್ಯಮಗಳಲ್ಲಿ ಕಾರ್ಮಿಕರೂ ಇರುವ ಸುರಕ್ಷತಾ ಸಮಿತಿ ಕಡ್ಡಾಯವಾಯಿತು.

ದೇಶದ ಕ್ವಾಲಿಟಿ ಸರ್ಕಲ್ ಚಳವಳಿ 1980ರಲ್ಲಿ ಹೈದರಾಬಾದಿನ ಬಿಎಚ್‌ಇಎಲ್ ಘಟಕದಲ್ಲಿ ಆರಂಭವಾಗಿ, 1982ರಲ್ಲಿ ರಾಷ್ಟ್ರೀಯ ವೇದಿಕೆಯ ರೂಪ ಪಡೆಯಿತು. ಕರ್ನಾಟಕದ ಬಿಡದಿಯಲ್ಲಿ 1999ರಿಂದ ಉತ್ಪಾದನೆ ನಡೆಸುತ್ತಿರುವ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯ ಮೂಲಕ ಜಪಾನಿನ ಪದ್ಧತಿ ಬಿಡಿಭಾಗ ತಯಾರಕರಿಗೂ ತಲುಪಿತು. ಕೋಲಾರದ ಚಿನ್ನದ ಗಣಿಗಳಲ್ಲಿ ಪದೇ ಪದೇ ಜೀವ ತೆಗೆಯುತ್ತಿದ್ದ ಶಿಲಾಸ್ಫೋಟಗಳು ದೀರ್ಘಕಾಲದ ಭೂಕಂಪನ ಅಧ್ಯಯನಕ್ಕೆ ಕಾರಣವಾದವು. ಅಲ್ಲಿಯೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಗುಣಮಟ್ಟದ ಐಎಸ್‌ಒ 9001 ಮಾನಕ ಲೋಪಗಳ ಕಾರಣ ಹುಡುಕಿ ಸರಿಪಡಿಸುವುದನ್ನು ಕಡ್ಡಾಯಗೊಳಿಸಿದೆ. ಔಷಧ ತಯಾರಿಕೆಗೆ ಸಂಬಂಧಿಸಿ 2023ರ ಡಿಸೆಂಬರ್‌ನಲ್ಲಿ ಪ್ರಕಟವಾದ ಪರಿಷ್ಕೃತ ‘ಎಂ’ ಅನುಸೂಚಿಯೂ ಇದನ್ನು ವಿಧಿಸುತ್ತದೆ.

ಕಾಯಿದೆ, ಮಾನಕ, ನಮೂನೆಗಳಿಗೆ ಹೀಗೆ ಕೊರತೆಯಿಲ್ಲ. ಕೊರತೆ ಇರುವುದು ಶಿಫಾರಸಿನ ಬೆನ್ನುಹತ್ತುವುದರಲ್ಲಿ. ತನಿಖಾ ವರದಿಯ ಪ್ರತಿಯೊಂದು ಸಲಹೆ ಜಾರಿಯಾಯಿತೇ, ಇಲ್ಲವಾದರೆ ಏಕೆ ಎಂಬುದನ್ನು ಗೊತ್ತಾದ ಅವಧಿಯಲ್ಲಿ ಬಹಿರಂಗಪಡಿಸುವುದು, ಅಪಾಯವನ್ನು ಮೊದಲು ಎತ್ತಿ ಹೇಳಿದ ಕೆಲಸಗಾರನಿಗೆ ಏನು ಕ್ರಮವಾಯಿತೆಂದು ತಿಳಿಸುವುದು ಮೂಲಕಾರಣ ವಿಶ್ಲೇಷಣೆಯ ಅವಿಭಾಜ್ಯ ಭಾಗಗಳಾಗಬೇಕು. ಮಂಗಳೂರು ಮತ್ತು ಕೋಯಿಕ್ಕೋಡು, ಬಂಕ್ರಾ ನಯಾಬಾಜ್ ಮತ್ತು ಬಹಾನಗಾ ಬಜಾರ್ ಇವುಗಳ ನಡುವೆ ಕಳೆದ ಅವಧಿಯಲ್ಲಿ ಕಾರಣ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿದ್ದುದನ್ನು ಕಾರ್ಯಗತಗೊಳಿಸುವ ಹೊಣೆಯೇ ಬಾಕಿ ಉಳಿದಿತ್ತು.